ಸುವೋಜುವಿಗೆ ಒಣ ಬಟ್ಟೆ

ನನ್ನ ಗಂಡ ಒದ್ದೆ ಬಟ್ಟೆಯಲ್ಲಿ ಸತ್ತ. ನಗರಸಭೆಯ ಕಚೇರಿಯಲ್ಲಿ ಕೇಳಿದರೆ ಸತ್ತೇ ಇಲ್ಲ ಅನ್ನುತ್ತಾರೆ. ಒತ್ತಿ ಕೇಳಿದರೆ, ಸತ್ತಿರಬಹುದು, ನಮ್ಮ ಅಂಡರ್‌ಪಾಸಿನಲ್ಲಿ ಅಲ್ಲ ಅನ್ನುತ್ತಾರೆ. ಇನ್ನೂ ಒತ್ತಿದರೆ, ನಮ್ಮ ಕೆಲಸದ ಮೇಲೆ ಅಲ್ಲ, ಅವನು ನಮ್ಮ ನಗರದವನೇ ಅಲ್ಲ ಅನ್ನುತ್ತಾರೆ. ಅಲ್ಲ ಅಲ್ಲ ಅನ್ನುತ್ತಲೇ ಗಟ್ಟಿಮುಟ್ಟಾದ ಒಬ್ಬ ಗಂಡಸನ್ನು ಇಲ್ಲವಾಗಿಸಿದರು.

ಆದರೆ ಸತ್ತಾಗಿನಿಂದ ಅವನು ದಿನಾ ಬೆಳಿಗ್ಗೆ ನನ್ನ ಹಿಂದೆ ಬರುತ್ತಾನೆ. ನಾನು ರಸ್ತೆ ಗುಡಿಸುವವಳು. ಚಳಿ ಶುರುವಾದ ಮೇಲಂತೂ ಈ ನಗರದಲ್ಲಿ ಬೆಳಕು ಹರಿಯುವುದೇ ಇಲ್ಲ. ಕಪ್ಪು ಹೊಗೆಮಂಜು ಬೂದು ಹೊಗೆಮಂಜಾಗುತ್ತದೆ, ಅಷ್ಟೆ. ನನ್ನ ಪೊರಕೆಯ ತುದಿ ನನಗೇ ಕಾಣುವುದಿಲ್ಲ. ಗಂಟಲಲ್ಲಿ ಕಲ್ಲಿದ್ದಲಿನ ರುಚಿ. ಆಗ ಹಿಂದಿನಿಂದ ಸದ್ದು ಬರುತ್ತದೆ. ನೀರು ತುಂಬಿದ ರಬ್ಬರ್ ಬೂಟು ನಡೆಯುವ ಸದ್ದು. ಪಚ್, ಪಚ್. ನಾನು ನಿಂತರೆ ಅದೂ ನಿಲ್ಲುತ್ತದೆ. ತಿರುಗಿ ನೋಡಿದರೆ ಬರೀ ಹೊಗೆ.

ಮೊದಮೊದಲು ಹೆದರಿದೆ. ಆಮೇಲೆ ಬೈದೆ. "ಬರೋದಾದ್ರೆ ಎದುರಿಗೆ ಬಾ. ಹೆಂಗಸಿನ ಹಿಂದೆ ಸುತ್ತೋದು ಏನು ಗಂಡಸುತನ" ಅಂದೆ. ಬರಲಿಲ್ಲ. ಬದುಕಿದ್ದಾಗಲೂ ಹಾಗೆಯೇ, ಯಾರ ಎದುರಿಗೂ ನಿಂತು ಮಾತಾಡುವ ಜಾತಿಯವನಲ್ಲ ಅವನು.

ಅವನ ಹೆಸರು ಹೌ ಸುವೋಜು. ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಅವನ ತಾಯಿ ಇಟ್ಟ ಹೆಸರು. ಕಂಬಕ್ಕೆ ಕಟ್ಟಿ ಬೀಗ ಹಾಕಿದವನು ಅಂತ ಅರ್ಥ. ಬೀಗ ಹಾಕಿದ್ದರೆ ಸಾವು ಎಳೆದುಕೊಂಡು ಹೋಗುವುದಿಲ್ಲವಂತೆ. ಮದುವೆಯಾದ ವರ್ಷವೇ ನಾವು ಹಳ್ಳಿ ಬಿಟ್ಟು ಇಲ್ಲಿಗೆ ಬಂದೆವು. ಎತ್ತರದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ ಹಿಡಿದೆವು. ನಾನು ಪೊರಕೆ ಹಿಡಿದೆ, ಅವನು ಹಸಿರು ಬಲೆ ಹಿಡಿದ.

ಆ ಬಲೆಯ ವಿಷಯ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಾಳಿ ಕೆಟ್ಟಿದೆ ಎಂದು ಮೇಲಿನಿಂದ ಕಚೇರಿಗೆ ಬೈಗುಳ ಬಂತು. ಕಚೇರಿಯವರು ಕಾರ್ಖಾನೆಯ ಚಿಮಣಿ ಮುಟ್ಟಲಿಲ್ಲ. ಮಣ್ಣಿಗೆ ಸೀರೆ ಉಡಿಸಿದ ಹಾಗೆ ಬಲೆ ಉಡಿಸಿದರು. ಧೂಳು ಏಳಬಾರದು, ಎಲ್ಲೂ ಬರಿಮಣ್ಣು ಕಾಣಬಾರದು. ಹಸಿರು ಪ್ಲಾಸ್ಟಿಕ್ ಬಲೆ, ಸುರುಳಿ ಸುರುಳಿ. ಸುವೋಜು ದಿನವಿಡೀ ಮಂಡಿಯೂರಿ ಅದನ್ನು ಹಾಸುತ್ತಿದ್ದ. ಅಂಚಿಗೆ ಇಟ್ಟಿಗೆ ಇಟ್ಟು, ತಂತಿ ಬಗ್ಗಿಸಿ ಮಣ್ಣಿಗೆ ಚುಚ್ಚುತ್ತಿದ್ದ. ರೈಲುಹಳಿಯ ಕೆಳಗಿನ ಅಂಡರ್‌ಪಾಸ್ ಇದೆಯಲ್ಲ, ಅದರ ಎರಡೂ ಬದಿಯ ಇಳಿಜಾರಿಗೆ ಹೊದಿಸಿದವನೂ ಅವನೇ. ಅವನ ಮಂಡಿಯ ಚರ್ಮ ಹಳೇ ಚಪ್ಪಲಿಯ ಅಟ್ಟೆಯಂತಾಗಿತ್ತು. ಮಲಗುವಾಗ ನಾನು ಬೆಚ್ಚನೆಯ ನೀರಲ್ಲಿ ಅದ್ದಿದ ಬಟ್ಟೆ ಇಡುತ್ತಿದ್ದೆ. ಅವನು, "ಬಿಡೇ, ನಾಳೆ ಮತ್ತೆ ಊರಬೇಕು" ಅನ್ನುತ್ತಿದ್ದ.

ಅಂಡರ್‌ಪಾಸಿನ ಪಕ್ಕದ ಕಟ್ಟಡದ ತಾರಸಿಯ ಮೇಲೆ ಗಾಳಿ ಅಳೆಯುವ ಪೆಟ್ಟಿಗೆಯಿದೆ. ನಗರದ ಗಾಳಿ ಹೇಗಿದೆ ಅಂತ ಮೇಲಿನವರಿಗೆ ಹೇಳುವುದು ಅದೇ. ಹಾಗಾಗಿ ನೀರು ಉಗುಳುವ ಫಿರಂಗಿ ಲಾರಿಯೊಂದು ಬೆಳಗಿನಿಂದ ಸಂಜೆಯವರೆಗೆ ಅದರ ಸುತ್ತಲೇ ಸುತ್ತುತ್ತದೆ. ಆ ಕಟ್ಟಡದ ಸುತ್ತಲಿನ ರಸ್ತೆಯನ್ನು ನಾವು ಮಂಡಿಯೂರಿ ಒರೆಸುತ್ತೇವೆ. ಊರಿಗೆಲ್ಲ ಕೆಮ್ಮು, ಪೆಟ್ಟಿಗೆಗೆ ಮಾತ್ರ ಒಳ್ಳೆಯ ಗಾಳಿ. ನಮ್ಮ ತಂಡದ ಹಿರಿಯಳು ಪಾಂಗ್ ಅಕ್ಕ ಅದನ್ನು ಭಾವ ಎಂದು ಕರೆಯುತ್ತಾಳೆ. "ನಡಿಯೇ ಚ್ಯಾವ್, ಭಾವನಿಗೆ ಸ್ನಾನ ಮಾಡಿಸಿ ಬರೋಣ, ನಮಗಂತೂ ಯಾರೂ ಮಾಡಿಸಲ್ಲ" ಅನ್ನುತ್ತಾಳೆ.

ಆರನೇ ತಿಂಗಳ ಕೊನೆಗೆ ಮಳೆ ಬಂತು. ವರ್ಷವಿಡೀ ಬೀಳಬೇಕಾದದ್ದು ಒಂದು ಮಧ್ಯಾಹ್ನದಲ್ಲಿ ಬಿತ್ತು. ನಾನು, ಸುವೋಜು, ಪಾಂಗ್ ಅಕ್ಕ ಸಾಮಾನು ಇಡುವ ಶೆಡ್ಡಿನಲ್ಲಿ ನಿಂತು ತಣ್ಣಗಾದ ಮಾಂತೌ ತಿನ್ನುತ್ತಿದ್ದೆವು. ಹಬೆಯಲ್ಲಿ ಬೇಯಿಸಿದ ಆ ಹಿಟ್ಟಿನುಂಡೆ ಮಳೆಗಾಳಿಗೆ ಕಲ್ಲಾಗಿತ್ತು. ಅವನ ಫೋನ್ ಹೊಡೆದುಕೊಂಡಿತು. ಕೈ ಒದ್ದೆಯೆಂದು ಸ್ಪೀಕರಿಗೆ ಹಾಕಿದ. ಮೇಸ್ತ್ರಿ ನಿಯೆಯ ದನಿ.

"ಸುವೋಜು, ಅಂಡರ್‌ಪಾಸಿನ ಬಲೆ ಹಾಸಿದ್ದು ನೀನೇ ತಾನೆ? ಕಿತ್ಕೊಂಡು ಬಂದು ಚರಂಡಿ ಬಾಯಿಗೆ ಕೂತಿದೆ. ನೀರು ಇಳೀತಿಲ್ಲ. ಇಳಿದು ಕತ್ತರಿಸು."

"ಮೇಸ್ತ್ರಿ, ನೀರು ಎಷ್ಟಿದೆ?"

"ಸೊಂಟದ ಮಟ್ಟ. ಕಾರಿನವರೆಲ್ಲ ಬೈತಿದಾರೆ. ಪೂರ್ತಿ ಕತ್ತರಿಸಬೇಕು. ನಾನು ಹೇಳೋ ತನಕ ಮೇಲೆ ಬರಬೇಡ."

ಅವನು ಉಳಿದ ಅರ್ಧ ಮಾಂತೌ ನನ್ನ ಕೈಗಿಟ್ಟ. ಕುಡುಗೋಲು ತೆಗೆದುಕೊಂಡ. "ಇಟ್ಟಿರು, ಬಂದು ತಿಂತೀನಿ" ಅಂದ. ಹೋದ.

ನೀರು ಖಾಲಿ ಮಾಡಿದ ಮೇಲೆ ಸಿಕ್ಕಿದ. ಅವನೇ ಹಾಸಿದ ಬಲೆ ಅವನ ಕಾಲಿಗೆ ಸುತ್ತಿಕೊಂಡಿತ್ತು. ಕುಡುಗೋಲು ಕೈಯಲ್ಲೇ ಇತ್ತು. ಅರ್ಧ ಬಲೆ ಕತ್ತರಿಸಿದ್ದ. ಒಣ ಬಟ್ಟೆ ಹಾಕುತ್ತೇನೆ, ಬೂಟಾದರೂ ಬಿಚ್ಚುತ್ತೇನೆ ಅಂದೆ. ಹೊತ್ತಿಲ್ಲ ಅಂದರು. ಒದ್ದೆಯಲ್ಲೇ, ಬೂಟಿನಲ್ಲೇ, ವಿದ್ಯುತ್ ಒಲೆಗೆ ತಳ್ಳಿದರು. ಡಬ್ಬಿಯಲ್ಲಿ ಬೂದಿ ಕೊಟ್ಟರು. ನಿಯೆ ಕಚೇರಿಯ ಮುಂದೆ ನಿಂತು, "ನಾನು ಯಾರನ್ನೂ ಇಳಿಸಿಲ್ಲ, ಅವನೇ ಮೀನು ಹಿಡಿಯೋಕೆ ಇಳಿದಿರಬೇಕು" ಅಂದ. ಮೀನು ಹಿಡಿಯಲು. ಅಂಡರ್‌ಪಾಸಿನಲ್ಲಿ. ನಾನು ಅವನ ಮುಖಕ್ಕೆ ಉಗಿಯಲಿಲ್ಲ. ಬಾಯಿ ಒಣಗಿತ್ತು.

ಬೂದಿಯನ್ನು ಹಳ್ಳಿಗೆ ಕಳಿಸಿದೆ. ಅತ್ತೆ ಅದನ್ನು ಹೊಲದ ಬದುವಿನಲ್ಲಿ ಹೂತಳು. ಏಳನೇ ತಿಂಗಳ ಹುಣ್ಣಿಮೆಗೆ ಗೋರಿಯ ಮುಂದೆ ಸತ್ತವರಿಗೆ ಕಳಿಸುವ ಕಾಗದ ಸುಟ್ಟಳು. ಮಾರನೆಯ ದಿನ ಫೋನ್ ಮಾಡಿದಳು.

"ಚ್ಯಾವ್, ಅವನು ಇಲ್ಲಿಗೆ ಬಂದಿಲ್ಲ ಕಣೇ. ಕಾಗದದ ಬೂದಿ ಸುಟ್ಟಲ್ಲೇ ಬಿದ್ದಿದೆ. ಸತ್ತೋರು ಮುಟ್ಟಿದ್ರೆ ಬೂದಿ ಸುತ್ತುತ್ತೆ. ಇದು ಒಂಚೂರೂ ಅಲ್ಲಾಡಿಲ್ಲ. ಎಲ್ಲಿದಾನೆ ಅವನು?"

ನಾನು ಬೂಟಿನ ಸದ್ದಿನ ವಿಷಯ ಹೇಳಿದೆ. ಫೋನಿನಲ್ಲಿ ಬಂದ ಮಾತನ್ನೂ ಹೇಳಿದೆ. ಆಮೇಲಾಮೇಲೆ, ಚಳಿ ಬಂದಾಗ, ಪ್ರತಿ ಫೋನಿನಲ್ಲೂ ಅವಳ ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ನಗರದ ಗಾಳಿ ಚೆನ್ನಾಗಿರಲಿ ಎಂದು ಹಳ್ಳಿಯ ಕಲ್ಲಿದ್ದಲು ಒಲೆಗಳನ್ನು ಯಾರೂ ಹಚ್ಚದಂತೆ ಮುದ್ರೆ ಹಾಕಿ ಮುಚ್ಚಿದ್ದರು. ಆ ದಿನ ಅವಳು ಇಷ್ಟೇ ಹೇಳಿದಳು. "ಹೇಳೋ ತನಕ ಮೇಲೆ ಬರಬೇಡ ಅಂದಿದಾನಲ್ಲ. ನನ್ನ ಮಗ ಮಾತು ಮೀರೋನಲ್ಲ. ಅವನಿನ್ನೂ ಕೆಲಸದಲ್ಲಿದಾನೆ. ಕೆಲಸದಲ್ಲಿರೋನು ಬಟ್ಟೆ ಬದಲಾಯಿಸೋಕೆ ಮನೆಗೆ ಬರ್ತಾನಾ? ಇಳಿಸಿದೋನೇ ಹತ್ತಿಸಬೇಕು. ಅವನ ಬಾಯಲ್ಲಿ ಹೇಳ್ಸು."

ಅಂದಿನಿಂದ ನನಗೆ ಅದೊಂದೇ ಹಟ. ದಿನಾ ಸಂಜೆ ನಿಯೆ ನಮ್ಮ ಗುಂಪಿಗೆ ಫೋನಿನಲ್ಲಿ ದನಿ ಕಳಿಸುತ್ತಾನೆ. "ಕೆಲಸ ಮುಗೀತು, ಎಲ್ಲ ಮನೆಗೆ ಹೋಗಿ." ಅದು ಬರುವ ತನಕ ನಾವು ಯಾರೂ ರಸ್ತೆ ಬಿಡುವ ಹಾಗಿಲ್ಲ. ಕಾಲು ಸೋತರೂ, ಉಚ್ಚೆ ಬಂದರೂ ಇಲ್ಲ. ಮಳೆ ಬಂದ ಆ ಸಂಜೆ ಮಾತ್ರ ಅದು ಬರಲಿಲ್ಲ. ಕಚೇರಿಗೂ ನೀರು ನುಗ್ಗಿ ಎಲ್ಲರೂ ಪ್ಯಾಂಟು ಮಡಚಿಕೊಂಡು ಮೇಜಿನ ಮೇಲೆ ಕೂತಿದ್ದರು, ಮರೆತರು.

ಪಾಂಗ್ ಅಕ್ಕ ಒಂದು ಉಪಾಯ ಹೇಳಿದಳು. "ಅವನ ದನಿ ಫೋನಲ್ಲೇ ಇದೆಯಲ್ಲೇ. ನಿನ್ನೇದು ಹಾಕು." ಒಂದು ಬೆಳಿಗ್ಗೆ ಅಂಡರ್‌ಪಾಸಿನ ಬಾಯಲ್ಲಿ ನಿಂತು, ಫೋನನ್ನು ಕತ್ತಲೆಗೆ ಹಿಡಿದು, ನಿಯೆಯ ಹಿಂದಿನ ದಿನದ ಮಾತನ್ನು ಹಾಕಿದೆವು. ಕೆಲಸ ಮುಗೀತು, ಎಲ್ಲ ಮನೆಗೆ ಹೋಗಿ. ಒಳಗೆ ಮಾರ್ದನಿ ಬಂತು. ಕಾದೆವು. ನಾನು ಪೊರಕೆ ಎತ್ತಿ ನಡೆದೆ. ಹಿಂದೆಯೇ ಪಚ್, ಪಚ್.

"ಬೇರೆಯವರ ರಜಾನ ಅವನು ಯಾಕೆ ತಗೋತಾನೆ" ಅಂದಳು ಪಾಂಗ್ ಅಕ್ಕ. "ಹುಚ್ಚು ನಿಯತ್ತಿನ ಮನುಷ್ಯ."

ನಿಯೆಯನ್ನು ಕೇಳಿದೆ. ಒಂದು ಸಲ ಅಲ್ಲ. ಅವನೂ ನಮ್ಮಂತೆ ಹಳ್ಳಿಯವನೇ, ಬೂದಿ ಸುತ್ತುವುದೂ ಸುತ್ತದಿರುವುದೂ ಅವನಿಗೆ ಗೊತ್ತು. ಅದಕ್ಕೇ ನನ್ನ ಕಣ್ಣು ತಪ್ಪಿಸುತ್ತಿದ್ದ.

"ಮೇಸ್ತ್ರಿ, ಕಚೇರಿ ಮುಂದೆ ಬೇಡ. ಕಾಗದದ ಮೇಲೆ ಬೇಡ. ಅಂಡರ್‌ಪಾಸಿನ ಬಾಯಲ್ಲಿ ನಿಂತು ಅವನ ಹೆಸರು ಹಿಡಿದು ಹೇಳು. ಕೆಲಸ ಮುಗೀತು, ಮನೆಗೆ ಹೋಗು ಅಂತ. ಅಷ್ಟೇ."

"ಹೇಳಿದ್ರೆ ನಾನೇ ಇಳಿಸ್ದೆ ಅಂತ ಆಗುತ್ತೆ. ನನ್ನ ಕೆಲಸ ಹೋಗುತ್ತೆ ಚ್ಯಾವ್."

"ಅವನದು ಹೋಗಿಲ್ಲ ನೋಡು, ಅದೇ ತೊಂದರೆ" ಅಂದೆ.

ಹತ್ತನೇ ತಿಂಗಳ ಮೊದಲ ದಿನ ಹತ್ತಿರ ಬಂತು. ಅಂದು ಸತ್ತವರಿಗೆ ಚಳಿಬಟ್ಟೆ ಕಳಿಸಬೇಕು. ಕಾಗದದ ಅಂಗಿ, ಕಾಗದದ ಪಾಯಿಜಾಮ, ಮಡಿಕೆಯೊಳಗೆ ಒಂದು ಚಿಟಿಕೆ ಹತ್ತಿ. ಹಳ್ಳಿಗೆ ಹೋಗಲಾಗದವರು ಸಂಜೆ ನಾಲ್ಕು ದಾರಿ ಕೂಡುವಲ್ಲಿ ಸೀಮೆಸುಣ್ಣದಿಂದ ಉಂಗುರ ಬರೆದು, ತಮ್ಮ ಹಳ್ಳಿಯಿರುವ ದಿಕ್ಕಿಗೆ ಅದರ ಬಾಯಿ ಬಿಟ್ಟು, ಒಳಗಿಟ್ಟು ಸುಡುತ್ತಾರೆ. ಮಾರನೆಯ ಬೆಳಿಗ್ಗೆ ಆ ಕಪ್ಪು ಉಂಗುರಗಳನ್ನು ಗುಡಿಸುವವರು ನಾವು. ಈ ನಗರದಲ್ಲಿ ಯಾರು ಎಲ್ಲಿಂದ ಬಂದು ಸಾಯುತ್ತಿದ್ದಾರೆ ಎಂಬುದು ಉಂಗುರದ ಬಾಯಿ ನೋಡಿದರೆ ನಮಗೆ ತಿಳಿಯುತ್ತಿತ್ತು.

ಈ ಸಲ ಸುಡುವ ಹಾಗಿಲ್ಲ ಅಂದರು. ಗಾಳಿ ಕೆಟ್ಟಿದೆ, ಕೆಂಪು ಎಚ್ಚರಿಕೆ. ಕಾರ್ಖಾನೆಯ ಚಿಮಣಿ ಅಲ್ಲೇ ಎದುರಿಗೆ ಉಗುಳುತ್ತಿತ್ತು. ಅದಕ್ಕೆ ಎಚ್ಚರಿಕೆ ಇರಲಿಲ್ಲ. ನಮ್ಮ ಒಂದು ಚಿಟಿಕೆ ಹತ್ತಿಗೆ ಇತ್ತು. ಗುಡಿಸುವವರನ್ನೆಲ್ಲ ಮೂಲೆಮೂಲೆಗೆ ಬಕೆಟ್ಟು ಕೊಟ್ಟು ನಿಲ್ಲಿಸಿದರು. ಬೆಂಕಿ ಕಂಡರೆ ನೀರು ಸುರಿಯಬೇಕು. ನನ್ನನ್ನೂ ಪಾಂಗ್ ಅಕ್ಕನನ್ನೂ ನಿಲ್ಲಿಸಿದ್ದು ಅಂಡರ್‌ಪಾಸಿನ ಬಾಯಲ್ಲಿ, ಭಾವನ ಪೆಟ್ಟಿಗೆಯ ಕೆಳಗೆ.

ಕತ್ತಲಾಗುವ ಮುಂಚೆ ಒಬ್ಬ ಮುದುಕ ಬಂದ. ನನ್ನ ಬಕೆಟ್ಟು ನೋಡಿದ. ಕೋಟಿನೊಳಗಿನಿಂದ ಕಾಗದದ ಪುಟ್ಟ ರವಿಕೆ ತೆಗೆದ. ಬೇಡ ಅಂದೆ. ಅವನು ಕೇಳಿಸದವನಂತೆ ಉಂಗುರ ಬರೆದ, ಬೆಂಕಿ ತಾಗಿಸಿದ. ದೂರದಿಂದ ನಿಯೆ ಕೂಗಿದ, "ಚ್ಯಾವ್, ಸುರಿ." ಪಕ್ಕದ ಮೂಲೆಯಲ್ಲಿದ್ದ ಹುಡುಗಿ ಓಡಿ ಬಂದು ತನ್ನ ಬಕೆಟ್ಟು ಸುರಿದುಬಿಟ್ಟಳು. ಬೆಂಕಿ ಚುಯ್ ಅಂದಿತು. ಅರ್ಧ ಸುಟ್ಟ ರವಿಕೆ ರಸ್ತೆಗೆ ಅಂಟಿಕೊಂಡಿತು.

ಮುದುಕ ಬೈಯಲಿಲ್ಲ. ಆ ಹುಡುಗಿಗೆ ಮೆಲ್ಲಗೆ ಹೇಳಿದ. "ಈಗ ನನ್ನ ಹೆಂಡ್ತಿಗೆ ಒದ್ದೆ ರವಿಕೆ ಸಿಕ್ತು ಮಗಾ. ಚಳಿಗಾಲ ಪೂರ್ತಿ ಅದನ್ನೇ ಹಾಕ್ಕೋಬೇಕು." ಹುಡುಗಿ ಖಾಲಿ ಬಕೆಟ್ಟನ್ನು ಕೆಳಗಿಟ್ಟಳು.

ನನ್ನ ಬಕೆಟ್ಟಿನಲ್ಲಿ ನೀರು ಹಾಗೇ ಇತ್ತು. ಅದರ ಮೇಲೆ ಸಣ್ಣ ಅಲೆ ಏಳುತ್ತಿತ್ತು, ಯಾರೋ ಪಕ್ಕದಲ್ಲಿ ನಡೆದ ಹಾಗೆ. ಅಂಡರ್‌ಪಾಸಿನ ಒಳಗಿನಿಂದ ಸದ್ದು ಕೇಳಿತು. ಇದು ಬೂಟಿನದಲ್ಲ. ಕುಡುಗೋಲು ಪ್ಲಾಸ್ಟಿಕ್ ಕತ್ತರಿಸುವ ಸದ್ದು. ಕರ್ರ್, ಕರ್ರ್. ಪಾಂಗ್ ಅಕ್ಕ ನನ್ನ ತೋಳು ಹಿಡಿದಳು. ಅವಳಿಗೂ ಕೇಳಿಸಿತ್ತು.

ನಾನು ಬಕೆಟ್ಟನ್ನು ಒದ್ದೆ. ಉರುಳಿ ಹೋಯಿತು.

ಗುಡಿಸುವವರಿಗೆ ಕೊಡುವ ಕಿತ್ತಳೆ ಅಂಗಿಯ ಗುಂಡಿ ಬಿಚ್ಚಿದೆ. ಒಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದನ್ನು ತೆಗೆದೆ. ಕಾಗದದ ದಪ್ಪ ಕೋಟು. ನಮ್ಮ ಹಾಸಿಗೆಯ ಹತ್ತಿಯನ್ನೇ ಕಿತ್ತು ತುಂಬಿದ್ದೆ. ಪಾಯಿಜಾಮದ ಮಂಡಿಗೆ ಎರಡು ಪದರ. ಒಣ ಬಟ್ಟೆಯ ಬೂಟು. ಉಂಗುರ ಬರೆದು ನೈಋತ್ಯಕ್ಕೆ ಬಾಯಿ ಬಿಟ್ಟೆ. ನಮ್ಮ ಹಳ್ಳಿ ಅತ್ತ ಇದೆ. ಬೆಂಕಿ ಹಚ್ಚಿದೆ.

ನಿಯೆ ಓಡಿ ಬಂದ. ಅವನ ಹಿಂದೆ ಕಚೇರಿಯ ಸಾಹೇಬ, ಮೂಗಿಗೆ ಬಿಳಿ ಬಟ್ಟೆ, ಕೈಯಲ್ಲಿ ಭಾವನ ಅಂಕಿ ತೋರಿಸುವ ಫೋನು. ಅವನ ಹಿಂದೆ ಫಿರಂಗಿ ಲಾರಿ.

"ಯಾರಿಗೆ ಸುಡ್ತಿದೀಯ?" ಸಾಹೇಬ ಕೇಳಿದ.

"ಹೌ ಸುವೋಜುಗೆ. ಇಲ್ಲಿ ಸತ್ತೋನಿಗೆ."

"ಇಲ್ಲಿ ಯಾರೂ ಸತ್ತಿಲ್ಲ."

"ಹಾಗಿದ್ರೆ ಇದು ಬರೀ ಕಾಗದ. ಬರೀ ಕಾಗದಕ್ಕೆ ಯಾಕೆ ಹೆದರ್ತೀರಿ?"

ಅವನು ಲಾರಿಯವನಿಗೆ ಕೈಸನ್ನೆ ಮಾಡಿದ. ಫಿರಂಗಿ ತಿರುಗಿತು. ನಾನು ಬೆಂಕಿಗೆ ಬೆನ್ನು ಕೊಟ್ಟು ನಿಂತೆ. ನೀರು ಎದೆಗೆ ಬಡಿಯಿತು. ಹಿಮದ ನೀರು. ಉಸಿರು ಹಿಡಿದುಕೊಂಡಿತು. ಹಲ್ಲು ಕಚ್ಚಿದೆ, ಕಾಲು ಊರಿದೆ. ಬೂಟಿಗೆ ನೀರು ತುಂಬಿತು. ಆ ಹೊತ್ತಿಗೆ ನನಗೆ ಗೊತ್ತಾಯಿತು, ಅವನಿಗೆ ಹೇಗಿತ್ತು ಅಂತ. ಮೊದಲು ಕಾಲು ಭಾರ. ಆಮೇಲೆ ಕಾಲೇ ಇಲ್ಲ.

ಪಾಂಗ್ ಅಕ್ಕ ನನ್ನ ಪಕ್ಕ ಬಂದು ನಿಂತಳು. "ಸುರಿಯೋ, ಸುರಿ, ಇವತ್ತಾದ್ರೂ ಸ್ನಾನ ಆಗ್ಲಿ" ಎಂದು ಲಾರಿಯವನಿಗೆ ಕೂಗಿದಳು. ಮುದುಕ ಬಂದ. ಬಕೆಟ್ಟಿನ ಹುಡುಗಿ ಬಂದಳು. ಬೇರೆ ಮೂಲೆಗಳಿಂದ ಕಿತ್ತಳೆ ಅಂಗಿಗಳು ಹೊಗೆಮಂಜಿನಿಂದ ಒಂದೊಂದಾಗಿ ಹೊರಬಂದವು. ಉಂಗುರದ ಸುತ್ತ ಬೆನ್ನುಗಳು ಸೇರಿದವು. ಬಾಯಿ ಬಿಟ್ಟ ಕಡೆ ಮಾತ್ರ ಯಾರೂ ನಿಲ್ಲಲಿಲ್ಲ. ನಮ್ಮ ಹಿಂದೆ ಹತ್ತಿ ಒಣ ಸದ್ದು ಮಾಡುತ್ತ ಉರಿಯಿತು.

ಲಾರಿಯವನು ನೀರು ನಿಲ್ಲಿಸಿದ. ಸಾಹೇಬ ಕಿರುಚಿದರೂ ಕೈ ಎತ್ತಿ ಹಾಗೇ ಕೂತ.

"ಮೇಸ್ತ್ರಿ" ಅಂದೆ. ನಾಲಿಗೆ ತಿರುಗುತ್ತಿರಲಿಲ್ಲ. "ಬಟ್ಟೆ ರೆಡಿ ಇದೆ. ಅವನು ಬರ್ತಿಲ್ಲ. ಕೇಳಿಸ್ತಿಲ್ವಾ ನಿಂಗೆ?"

ಒಳಗೆ ಕರ್ರ್, ಕರ್ರ್. ನಿಯೆಯ ಮುಖ ಸುಣ್ಣದಂತಾಯಿತು. ಕೇಳಿಸುತ್ತಿತ್ತು ಅವನಿಗೆ. ಬಹುಶಃ ಆರನೇ ತಿಂಗಳಿನಿಂದಲೂ ಕೇಳಿಸುತ್ತಿತ್ತು. ಅವನು ಜೇಬಿನಿಂದ ಫೋನ್ ತೆಗೆದ. ಪೊಲೀಸರನ್ನು ಕರೆಯುತ್ತಾನೆ ಅಂದುಕೊಂಡೆವು. ದಿನಾ ಸಂಜೆ ಹಿಡಿಯುವ ಹಾಗೆ ಬಾಯಿಯ ಹತ್ತಿರ ಹಿಡಿದ. ಹೆಬ್ಬೆರಳಿನಿಂದ ಒತ್ತಿದ.

"ಹೌ ಸುವೋಜು. ನಾನು ನಿಯೆ. ನಿನ್ನನ್ನ ಇಳಿಸಿದ್ದು ನಾನು. ಕೆಲಸ ಮುಗೀತು. ಮೇಲೆ ಬಾ. ಮನೆಗೆ ಹೋಗು."

ಬೆರಳು ಬಿಟ್ಟ. ನಮ್ಮೆಲ್ಲರ ಜೇಬಿನಲ್ಲಿ ಫೋನುಗಳು ಒಟ್ಟಿಗೆ ಟಣ್ ಅಂದವು. ಒದ್ದೆ ಜೇಬುಗಳಲ್ಲಿ, ಕತ್ತಲಲ್ಲಿ. ಒಳಗೆ ಕುಡುಗೋಲಿನ ಸದ್ದು ನಿಂತಿತು.

ಆಮೇಲೆ ಬೂಟು. ಪಚ್, ಪಚ್. ಇಳಿಜಾರು ಹತ್ತಿ ಬಂತು. ನಿಧಾನ, ಮಂಡಿ ನೋಯುವವನ ನಡಿಗೆ. ನನ್ನ ಪಕ್ಕದಲ್ಲೇ ಹಾದು ಹೋಯಿತು. ಒದ್ದೆ ಬಲೆಯ ವಾಸನೆ ಬಂತು. ಉಂಗುರದ ಹತ್ತಿರ ನಿಂತಿತು. ಗಾಳಿಯೇ ಇರಲಿಲ್ಲ, ಆದರೂ ಬೂದಿ ಎದ್ದಿತು. ಗಿರ್ರನೆ ಸುತ್ತಿತು. ಬಾಯಿ ಬಿಟ್ಟ ದಿಕ್ಕಿಗೆ ಹೊರಟಿತು.

ಸಾಹೇಬ ನಿಯೆಯ ಕಿವಿಯಲ್ಲಿ ಏನೋ ಹೇಳಿದ. ನಿಯೆ ಮತ್ತೆ ಫೋನ್ ಎತ್ತಿದ, ತಾನು ಕಳಿಸಿದ ದನಿಯನ್ನು ಅಳಿಸಿದ. ನಮ್ಮ ಫೋನುಗಳಲ್ಲೂ ಅದು ಮಾಯವಾಯಿತು. ಅವನು ನನ್ನ ಮುಖ ನೋಡಲಿಲ್ಲ.

"ಅಳಿಸ್ಕೋ" ಅಂದೆ. "ಕೇಳಬೇಕಾದೋರೆಲ್ಲ ಕೇಳಿಸ್ಕೊಂಡ್ರು."

ಮಾರನೆಯ ಬೆಳಿಗ್ಗೆ ಜ್ವರ. ಆದರೂ ಹೋದೆ. ಅಂಡರ್‌ಪಾಸಿನ ಬಾಯಲ್ಲಿ ಕಪ್ಪು ಉಂಗುರ ಹಾಗೇ ಇತ್ತು. ನಿಯೆ ಇರಲಿಲ್ಲ. ಇನ್ನು ಅವನು ಬರುವುದಿಲ್ಲವಂತೆ. ಸಾಹೇಬನೇ ಬಂದು ನಿಂತಿದ್ದ, ಹೊಸ ಬಲೆಯ ಸುರುಳಿಗಳ ಪಕ್ಕ. "ಮೊದಲು ಇದನ್ನ ಗುಡಿಸಿ. ಆಮೇಲೆ ಇಳಿಜಾರಿಗೆ ಬಲೆ ಹೊದಿಸಿ" ಅಂದ.

ನಾನು ಉಂಗುರದ ಪಕ್ಕ ಕೂತೆ. ಪೊರಕೆಯನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡೆ.

"ಇಲ್ಲಿ ಯಾರೂ ಸತ್ತಿಲ್ಲ ಅಂದ್ರಲ್ಲ ಸಾಹೇಬ್ರೇ. ಹಾಗಿದ್ರೆ ಇಲ್ಲಿ ಬೂದಿನೂ ಇಲ್ಲ. ಇಲ್ಲದ್ದನ್ನ ನಾನು ಹೇಗೆ ಗುಡಿಸ್ಲಿ?"

ಪಾಂಗ್ ಅಕ್ಕ ನನ್ನ ಪಕ್ಕ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಬಲೆಯ ಸುರುಳಿಯನ್ನು ಯಾರೂ ಮುಟ್ಟಲಿಲ್ಲ. ಸಾಹೇಬ ಎಷ್ಟೋ ಹೊತ್ತು ಬೈದ. ಕೊನೆಗೆ ಕಾರು ಹತ್ತಿ ಹೋದ.

ಎದ್ದು ಮನೆಗೆ ಹೊರಟೆ. ಕೆಲಸ ಮುಗಿಯಿತು ಎಂದು ಯಾರೂ ಹೇಳಿರಲಿಲ್ಲ, ಆದರೂ ಹೊರಟೆ. ಹೊಗೆಮಂಜು ಹಾಗೇ ಇತ್ತು. ಸ್ವಲ್ಪ ದೂರ ನಡೆದು ನಿಂತೆ. ಕಿವಿಗೊಟ್ಟೆ. ಮತ್ತೆ ನಡೆದೆ, ಮತ್ತೆ ನಿಂತೆ. ನನ್ನ ಬೂಟಿನದೇ ಸದ್ದು. ಹಿಂದೆ ಯಾರೂ ಇರಲಿಲ್ಲ. ಅವನು ಸತ್ತ ಮೇಲೆ ಮೊದಲ ಸಲ ರಸ್ತೆಯ ನಡುವೆ ಕೂತು ಅತ್ತುಬಿಟ್ಟೆ.